ವಿಧಾನಸೌಧದ ಹತ್ತಿರ ಇರುವ ಗೋಪಾಲಗೌಡ ಸರ್ಕಲ್: ಯಾರು ಈ ಗೋಪಾಲಗೌಡರು?

ದಿನಾ ಬಸ್ಸಲ್ಲಿ:
ಆಫೀಸಿಗೆ ಹೋಗುವಾಗ ದಿನಾ ಈ ಸರ್ಕಲ್ ದಾಟುತ್ತೇನೆ. ಶಾಂತವೇರಿ ಗೋಪಾಲಗೌಡ ಅಂತ ಹೆಸರಿದೆ. ಹುಡುಕಿದರೆ ‘ಸಮಾಜವಾದಿ, ಶಾಸಕ’ ಅಂತಷ್ಟೇ ಸಿಗುತ್ತದೆ. ಮಂತ್ರಿ ಕೂಡ ಆಗಿರಲಿಲ್ವಂತೆ. ಮತ್ತೆ ಇಷ್ಟು ದೊಡ್ಡ ಹೆಸರು ಹೇಗೆ? ಶಿವಮೊಗ್ಗ ಕಡೆಯವರು ಯಾರಾದರೂ ಹೇಳ್ತೀರಾ?

ಗೇಣಿ ಮನೆಯವ:
ಹೇಳ್ತೇನೆ ತಮ್ಮಾ. ನಂದು ಸಾಗರದ ಹತ್ತಿರದ ಹಳ್ಳಿ. ಅಪ್ಪ ಗೇಣಿ ಒಕ್ಕಲು, ಅಂದರೆ ಧಣಿಯ ಗದ್ದೆ ಉತ್ತು ಅದಕ್ಕೆ ಬಾಡಿಗೆ ಕೊಡುವವರು. ಗೌಡರ ಕತೆಯನ್ನು ಬತ್ತ ಅಳೆಯುವ ಕೊಳಗದಿಂದ ಶುರು ಮಾಡಬೇಕು.

ಗೇಣಿಯನ್ನು ಬತ್ತದಲ್ಲಿ ಅಳೆದು ಕೊಡಬೇಕಿತ್ತು. ನಮ್ಮ ಮನೆ ಕೊಳಗದಲ್ಲಿ ಅಳೆದರೆ 20 ಕೊಳಗ. ಅದೇ ಬತ್ತ ಧಣಿ ಅಂಗಳಕ್ಕೆ ಹೋದರೆ 17! ಅವರ ಕೊಳಗವೇ ದೊಡ್ಡದು. ಬಾಯಿ ತುಂಬಿದ ಮೇಲೂ ಗೋಪುರದ ಹಾಗೆ ಸುರಿಯಬೇಕು, ನೆಲಕ್ಕೆ ಚೆಲ್ಲಿದ್ದೂ ಅವರದ್ದೇ. ಉಳಿದ 3 ಕೊಳಗ ತರಲು ಅಜ್ಜಿ ಮತ್ತೆ ಕಣಜಕ್ಕೆ ಕೈ ಹಾಕುತ್ತಿದ್ದಳಂತೆ.

ಈ ಅಳತೆ ಜಗಳವೇ ಬೆಳೆದು 1951ರ ಏಪ್ರಿಲ್‌ನಲ್ಲಿ ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಕಾಗೋಡು ಸತ್ಯಾಗ್ರಹ ಆಯಿತು. ಧಣಿಗಳು ಬಿಡಿಸಿಕೊಂಡಿದ್ದ ಗದ್ದೆಗೆ ರೈತರು ನೇಗಿಲು ಹೊತ್ತು ಇಳಿದರು, ಪೊಲೀಸರು ಹಿಡಿದು ಜೈಲಿಗೆ ಹಾಕಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಸಾಗರದಲ್ಲಿ ಬಂಧಿಸಿದರು. ಇದರ ಮುಂದಾಳುಗಳಲ್ಲಿ ಗೌಡರೂ ಒಬ್ಬರು. ಊರು ತೀರ್ಥಹಳ್ಳಿ ತಾಲ್ಲೂಕಿನ ಆರಗ. ಆಗಿನ್ನೂ 28 ವರ್ಷ.

ಮರುವರ್ಷವೇ ಮೊದಲ ಚುನಾವಣೆ. ಕೈಯಲ್ಲಿ ದುಡ್ಡಿಲ್ಲ. ‘ಒಂದು ವೋಟು, ಒಂದು ನೋಟು ಕೊಡಿ’ ಅಂತ ಕೇಳಿಕೊಂಡು ಬಂದರು ಅನ್ನುತ್ತಿದ್ದರು ಅಪ್ಪ. ಈಗಿನ ಲೆಕ್ಕ ಉಲ್ಟಾ, ಅಲ್ವಾ? ಸಾಗರ–ಹೊಸನಗರದಲ್ಲಿ ಕಾಂಗ್ರೆಸ್ಸಿನ ಬದರಿನಾರಾಯಣರನ್ನು ಸೋಲಿಸಿ ಗೆದ್ದರು. 1957ರಲ್ಲಿ ಸೋತರು. 1962, 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಎಲ್ಲ ಸಲವೂ ವಿರೋಧ ಪಕ್ಷದ ಬೆಂಚೇ. ಅಲ್ಲಿಂದಲೇ ಉಳುವವನಿಗೆ ಭೂಮಿ ಕೊಡಿ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಿ ಅಂತ ಪಟ್ಟು ಹಿಡಿದರು.

1972ರ ಜೂನ್‌ನಲ್ಲಿ ಹೋಗಿಬಿಟ್ಟರು, 49 ವರ್ಷಕ್ಕೆ. ರಾಜ್ಯದ ಹೆಸರು ಬದಲಾಗಿದ್ದು 1973ರಲ್ಲಿ. ಮುಖ್ಯಮಂತ್ರಿ ದೇವರಾಜ ಅರಸು ಅವರ ಭೂಸುಧಾರಣೆ ಜಾರಿಗೆ ಬಂದಿದ್ದು 1974ರಲ್ಲಿ. ಎರಡನ್ನೂ ನೋಡಲಿಲ್ಲ. ಅಪ್ಪ ಉಳುವ ಭೂಮಿ ತಮ್ಮ ಹೆಸರಿಗೆ ಕೇಳುವ ಅರ್ಜಿ, ನಮೂನೆ 7, ತುಂಬಿಸಿಕೊಂಡು ತಾಲ್ಲೂಕು ಕಚೇರಿಗೆ ಹೊರಟ ದಿನ ಗೌಡರನ್ನು ನೆನೆದು ಕಣ್ಣೊರೆಸಿಕೊಂಡರು. ನಾನು ಜೊತೆಗಿದ್ದೆ.

ಮಲೆನಾಡ ಮಳೆ:
ಅಣ್ಣಾ, ಎಲ್ಲಾ ಸರಿ. ಆದರೆ ಕಾಗೋಡು ಅಂದಮೇಲೆ ಎಚ್. ಗಣಪತಿಯಪ್ಪನವರ ಹೆಸರು ಬಿಟ್ಟರೆ ಹೇಗೆ? ಗೌಡರಿಗಿಂತ ಮೊದಲೇ ಊರೂರು ತಿರುಗಿ ರೈತರನ್ನು ಒಟ್ಟು ಮಾಡಿದ್ದು ಅವರು. ಶಾಸಕರಾದವರ ಹೆಸರಷ್ಟೇ ಸರ್ಕಲ್ಲಿಗೆ ಸಿಗುತ್ತದೆ.

ಗೇಣಿ ಮನೆಯವ:
ಒಪ್ಪಿದೆ ಮಾರಾಯಾ. ತಪ್ಪು ನಂದೇ.

ದಿನಾ ಬಸ್ಸಲ್ಲಿ:
ಥ್ಯಾಂಕ್ಸ್ ಸಾರ್. ಆ ಕೊಳಗ ಈಗಲೂ ಇದೆಯಾ?

ಗೇಣಿ ಮನೆಯವ:
ನಮ್ಮ ಮನೆಯದ್ದು ಇದೆ, ಅಟ್ಟದ ಮೇಲೆ. ತಳ ಒಡೆದಿದೆ. ಕಳೆದ ವರ್ಷ ಬೆಕ್ಕು ಅದರೊಳಗೆ ಮರಿ ಹಾಕಿತ್ತು.