‘ಜೋಡಿ’ ಮತ್ತು ‘ಕೂಡ’: ಇಬ್ಬರ ಆಲ್ಬಮ್ಮಿಗೆ ತೊಂಬತ್ತೊಂಬತ್ತು ಮಂದಿ ಸೇರಿದಾಗ

ಪದಚರ್ಚೆಯ ಸದಸ್ಯರೆಲ್ಲರಿಗೂ ನಮಸ್ಕಾರ.

ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನನ್ನ ಪಾಲಿಗೆ ವರ್ಷಕ್ಕೊಮ್ಮೆ ವಾರ್ಷಿಕ ಸಂಚಿಕೆಯ ಕರಡು ತಿದ್ದುವ ಕೆಲಸ ಬರುತ್ತದೆ. ಈ ಸಲ ಬಿ.ಎಸ್ಸಿ. ಎರಡನೆಯ ವರ್ಷದ ಹುಡುಗನೊಬ್ಬ ತನಗೆ ಮೆಚ್ಚಿಕೆಯಾದ ಎಲೆಕ್ಟ್ರಾನಿಕ್ ಸಂಗೀತದ ಕುರಿತು ನಾಲ್ಕು ಪುಟಗಳ ಲೇಖನ ಕೊಟ್ಟಿದ್ದಾನೆ. ಅದರ ವಿಷಯ ಮ್ಯಾಟ್ಮೋಸ್. ಡ್ರೂ ಡೇನಿಯಲ್ ಮತ್ತು ಎಂ. ಸಿ. ಶ್ಮಿಟ್ ಎಂಬ ಇಬ್ಬರು ನಡೆಸುವ, ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ನೆಲೆ ನಿಂತ ಈ ತಂಡ 2020ರಲ್ಲಿ ‘ದಿ ಕನ್ಸ್ಯೂಮಿಂಗ್ ಫ್ಲೇಮ್’ ಎಂಬ ಆಲ್ಬಮ್ ಹೊರತಂದಿತು. ಅದು ಮೂರು ಡಿಸ್ಕುಗಳ, ಸುಮಾರು ಮೂರು ಗಂಟೆಯ ಆಲ್ಬಮ್. ಅದಕ್ಕಾಗಿ ಅವರು 99 ಜನರಿಂದ ಧ್ವನಿಮುದ್ರಣಗಳನ್ನು ಬರಮಾಡಿಕೊಂಡರು. ಏನನ್ನು ಬೇಕಾದರೂ ಕಳಿಸಬಹುದು, ಲಯ ಮಾತ್ರ ನಿಮಿಷಕ್ಕೆ 99 ಬಡಿತಗಳದ್ದಾಗಿರಬೇಕು ಎಂಬುದು ಅವರ ಕಟ್ಟಳೆಯಾಗಿತ್ತು. ಹುಡುಗನ ಮೊದಲ ವಾಕ್ಯ ಹೀಗಿತ್ತು: “ಮ್ಯಾಟ್ಮೋಸ್ ಜೋಡಿ ತೊಂಬತ್ತೊಂಬತ್ತು ಮಂದಿ ಕೂಡ ಮಾಡಿದ ಹೊಸ ಆಲ್ಬಮ್ ಬಿಡುಗಡೆಯಾಗಿದೆ.” ‘ಹೊಸ’ ಎಂಬುದನ್ನು ನಾನೇ ಹೊಡೆದು ಹಾಕಿದೆ, ಏಕೆಂದರೆ ನಮ್ಮ ವಾರ್ಷಿಕ ಸಂಚಿಕೆಗಳು ಹೊರಬರುವ ವೇಗದಲ್ಲಿ ಯಾವುದೂ ಹೊಸದಾಗಿ ಉಳಿಯುವುದಿಲ್ಲ. ಉಳಿದ ಪದಗಳು ನನ್ನನ್ನು ಮೂರು ದಿನ ಕಾಡಿವೆ.

ತೊಂದರೆ ಶುರುವಾದದ್ದು ‘ಕೂಡ’ದಿಂದ. ಮೈಸೂರು ಕಡೆಯಿಂದ ಬಂದಿರುವ ನನ್ನ ಸಹೋದ್ಯೋಗಿಯೊಬ್ಬರು ಕರಡು ನೋಡಿ, ‘ಮಂದಿ ಕೂಡ’ ಎಂಬುದರ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಸಹ’ ಎಂದು ಬರೆದರು. ಅವರ ಕಿವಿಗೆ ಈ ‘ಕೂಡ’ ಎಂದರೆ ‘ಅವರೂ’ ಎಂದಷ್ಟೇ ಅರ್ಥ. ಲಿಖಿತ ಕನ್ನಡದಲ್ಲಿ ಇದ್ದರೆ ‘ಸಹ’ ಚೆಂದ ಎಂಬುದು ಅವರ ಎಣಿಕೆ. ಹುಡುಗ ಕರಡು ಹಿಡಿದುಕೊಂಡು ನನ್ನ ಬಳಿ ಬಂದ. “ಸರ್, ಸಹ ಅಂತ ಹಾಕಿದ್ರ ಆ ಮಂದಿನೂ ಬ್ಯಾರೆ ಒಂದು ಆಲ್ಬಮ್ ಮಾಡ್ಯಾರ ಅಂದಂಗ ಆಗ್ತದಲ್ರಿ. ಇವರು ಅವರ ಕೂಡ ಮಾಡ್ಯಾರ್ರಿ.” ಅವನ ಮಾತು ನೂರಕ್ಕೆ ನೂರು ಸರಿ. ಕಲಬುರಗಿ, ಬೀದರ, ಯಾದಗಿರಿಗಳಲ್ಲಿ ‘ಕೂಡ’ ಎಂದರೆ ಮೊದಲಿಗೆ ‘ಸಂಗಡ’. ‘ಅಣ್ಣನ ಕೂಡ ಹೋದೆ’ ಎಂದರೆ ಅಣ್ಣನ ಸಂಗಡ ಹೋದೆ. ಬೆಂಗಳೂರಿನವರು ‘ಅಣ್ಣ ಕೂಡ ಹೋದ’ ಎಂದರೆ ಅಣ್ಣನೂ ಹೋದ. ಎರಡರ ನಡುವೆ ಇರುವುದು ಷಷ್ಠಿಯ ಒಂದು ‘ನ’ಕಾರ, ‘ಮಂದಿ’ಯಂಥ ಪದದಲ್ಲಿ ಮಾತಿನ ಭರಕ್ಕೆ ಷಷ್ಠಿ ಬಿದ್ದುಹೋಗುವುದರಿಂದ ಆ ಬೇಲಿಯೂ ಉಳಿಯುವುದಿಲ್ಲ.

ಇದರಲ್ಲಿ ನನಗೆ ಸ್ವಾರಸ್ಯವಾಗಿ ಕಂಡದ್ದು, ತಿದ್ದುಪಡಿಗೆಂದು ತಂದ ‘ಸಹ’ವೂ ಇದೇ ದಾರಿ ತುಳಿದು ಬಂದದ್ದು ಎಂಬ ಸಂಗತಿ. ಸಂಸ್ಕೃತದಲ್ಲಿ ‘ರಾಮೇಣ ಸಹ’ ಎಂದರೆ ರಾಮನ ಸಂಗಡ. ಸಹಪಾಠಿ, ಸಹಯೋಗ, ಸಹವಾಸ ಎಲ್ಲದರಲ್ಲಿಯೂ ಇರುವುದು ಈ ಸಂಗಡದ ‘ಸಹ’ವೇ. ಅದೇ ಪದ ಕನ್ನಡದಲ್ಲಿ ಬಿಡಿಯಾಗಿ ನಿಂತಾಗ ‘ಅವನು ಸಹ ಬಂದ’ ಎಂದಾಗಿ ‘ಅವನೂ’ ಎಂಬ ಅರ್ಥ ತಾಳಿತು. ‘ಕುಟುಂಬ ಸಹಿತ’ ಎಂಬಲ್ಲಿಯ ‘ಸಹಿತ’ ನಮ್ಮ ಕಡೆ ಸವೆದು ‘ಸೈತ’ ಆಗಿದೆ; ‘ಅವ ಸೈತ ಬಂದಾನ’ ಎಂದರೆ ಅವನೂ ಬಂದಿದ್ದಾನೆ. ಹೀಗೆ ಸಂಗಡದ ಮೂರು ಪದಗಳು ‘ಊ’ಕಾರದ ಕೆಲಸಕ್ಕೆ ಜಾರಿವೆ. ಇನ್ನೊಂದು ಜಾರುವಿಕೆಯೂ ಇದೆ: ‘ಒಡನೆ’ ಎಂದರೆ ಸಂಗಡ, ‘ಒಡನೆಯೇ’ ಎಂದರೆ ತಕ್ಷಣ, ಹಾಗೆಯೇ ‘ಕೂಡ’ದ ಬಳಗದಲ್ಲಿ ‘ಕೂಡಲೇ’ ಇದೆ. ‘ಕೂಡು’ ಧಾತುವಿನ ಮೂಲ ಬಲವನ್ನು ಹಾಗೆಯೇ ಉಳಿಸಿಕೊಂಡಿರುವುದು ‘ಕೂಡುಕುಟುಂಬ’ ಮತ್ತು ಕೃಷ್ಣೆ ಮಲಪ್ರಭೆಯರು ಸೇರುವ ‘ಕೂಡಲಸಂಗಮ’ದಂಥ ಪದಗಳು. ‘ಕೂಡಲ’ ಎಂದರೂ ಸಂಗಮವೇ, ಆದ್ದರಿಂದ ಆ ಊರಿನ ಹೆಸರು ಒಂದೇ ಸಂಗತಿಯನ್ನು ಎರಡು ಭಾಷೆಗಳಲ್ಲಿ ಹೇಳುತ್ತದೆ.

ಈಗ ‘ಜೋಡಿ’ಗೆ ಬರುತ್ತೇನೆ, ಏಕೆಂದರೆ ನಿಜವಾದ ಸಿಕ್ಕು ಇರುವುದು ಇಲ್ಲಿ. ಪತ್ರಿಕೆಗಳ ಕನ್ನಡದಲ್ಲಿ ‘ಜೋಡಿ’ ಎಂದರೆ ಇಬ್ಬರ ತಂಡ: ರಾಜನ್–ನಾಗೇಂದ್ರ ಜೋಡಿ, ಶಂಕರ್–ಜೈಕಿಶನ್ ಜೋಡಿ. ಈ ಅರ್ಥ ನಮ್ಮಲ್ಲಿಯೂ ಇದೆ. ಆದರೆ ನಮ್ಮ ಮಾತಿನಲ್ಲಿ ‘ಜೋಡಿ’ ಎಂದರೆ ‘ಸಂಗಡ’ ಎಂದೂ ಆಗುತ್ತದೆ. ‘ನನ್ನ ಜೋಡಿ ಬಾ’, ‘ಯಾರ ಜೋಡಿ ಮಾತಾಡಾಕತ್ತಿದ್ದಿ’ ಎಂಬ ಮಾತುಗಳು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತವೆ. ಹೀಗಿರುವಾಗ ‘ಮ್ಯಾಟ್ಮೋಸ್ ಜೋಡಿ ತೊಂಬತ್ತೊಂಬತ್ತು ಮಂದಿ ಕೂಡ ಮಾಡಿದ ಆಲ್ಬಮ್’ ಎಂಬುದಕ್ಕೆ ಒಂದಕ್ಕೊಂದು ಎದುರಾದ ಓದುಗಳು ಹುಟ್ಟುತ್ತವೆ. ‘ಮ್ಯಾಟ್ಮೋಸ್ ಎಂಬ ಇಬ್ಬರು, ತೊಂಬತ್ತೊಂಬತ್ತು ಜನರ ಸಂಗಡ ಮಾಡಿದ್ದು’ ಎಂಬುದು ಹುಡುಗನ ಉದ್ದೇಶ. ‘ಮ್ಯಾಟ್ಮೋಸ್ ಸಂಗಡ ತೊಂಬತ್ತೊಂಬತ್ತು ಜನರೂ ಮಾಡಿದ್ದು’ ಎಂಬುದು ಅರ್ಧ ಕಲಬುರಗಿಯ, ಅರ್ಧ ಬೆಂಗಳೂರಿನ ಕಿವಿಯಿಂದ ಓದಿದವರ ಅರ್ಥ. ಈ ಓದಿನಲ್ಲಿ ಆಲ್ಬಮ್ಮಿನ ಒಡೆತನವೇ ಇಬ್ಬರ ಕೈಯಿಂದ ತಪ್ಪಿ ತೊಂಬತ್ತೊಂಬತ್ತು ಜನರ ಕಡೆಗೆ ಹೋಗುತ್ತದೆ. ‘ಜೋಡಿ’ಯ ಬದಲು ‘ಜೊತೆ’ ಹಾಕಿದರೂ ಇದೇ ಪಾಡು, ಏಕೆಂದರೆ ‘ಒಂದು ಜೊತೆ ಬಟ್ಟೆ’ ಎಂಬಲ್ಲಿ ಅದು ಎರಡರ ಲೆಕ್ಕ, ‘ನನ್ನ ಜೊತೆ’ ಎಂಬಲ್ಲಿ ಸಂಗಡ. ‘ಜೋಡು’ ಎಂದರಂತೂ ಈ ಭಾಗದಲ್ಲಿ ಕಾಲಿಗೆ ಹಾಕುವ ಚಪ್ಪಲಿಯೇ ಮೊದಲು ನೆನಪಾಗುತ್ತದೆ. ‘ಸಂಗೀತದ ಜೋಡು’ ಎಂದು ಅಚ್ಚಾದರೆ ನಮ್ಮ ವಿದ್ಯಾರ್ಥಿಗಳು ವರ್ಷವಿಡೀ ನಗುತ್ತಾರೆ.

ಶಿಷ್ಟ ಬರಹದವರು ‘ದ್ವಯ’ ಎನ್ನುತ್ತಾರೆ. ಅದು ಸಂಗಡದ ಅರ್ಥಕ್ಕೆ ಜಾರಿಲ್ಲವೆಂಬುದು ನಿಜ, ಆದರೆ ಕ್ರಿಯಾಪದದ ಬಳಿ ಎಡವುತ್ತದೆ. ‘ದ್ವಯ’ ನಪುಂಸಕ, ‘ಸಂಗೀತಗಾರದ್ವಯವು ಆಲ್ಬಮ್ ಬಿಡುಗಡೆ ಮಾಡಿತು’ ಎಂದರೆ ವ್ಯಾಕರಣ ಸರಿ, ಕಿವಿಗೆ ಯಂತ್ರ ಮಾತಾಡಿದಂತೆ. ಅದನ್ನು ತಪ್ಪಿಸಲು ಕೆಲವರು ‘ದ್ವಯರು’ ಎಂದು ಬಹುವಚನ ಮಾಡುತ್ತಾರೆ, ಆಗ ಲೆಕ್ಕದಲ್ಲಿ ನಾಲ್ವರಾದರೋ ಎಂಬ ಅನುಮಾನ ನನಗೆ. ಸಹೋದರದ್ವಯ ಎಂಬ ರೂಢಿಯನ್ನು ನೋಡಿಕೊಂಡು ಹುಡುಗ ಇನ್ನೊಂದು ಕಡೆ ಇಂಗ್ಲೆಂಡಿನ ಕೆಮಿಕಲ್ ಬ್ರದರ್ಸ್ ತಂಡವನ್ನು ‘ರಸಾಯನ ಸಹೋದರರು’ ಎಂದು ಬರೆದಿದ್ದ. ಟಾಮ್ ರೋಲಂಡ್ಸ್ ಮತ್ತು ಎಡ್ ಸೈಮನ್ಸ್ ಅಣ್ಣತಮ್ಮಂದಿರಲ್ಲ. ತಂಡದ ಹೆಸರನ್ನು ಅನುವಾದಿಸಿದ ಕೂಡಲೇ ಇಲ್ಲದ ಸಂಬಂಧವೊಂದು ಹುಟ್ಟಿಕೊಳ್ಳುತ್ತದೆ. ಅದನ್ನು ಹಾಗೆಯೇ ಹೆಸರಾಗಿ ಬಿಟ್ಟೆ.

‘ಸಹಯೋಗದ ಆಲ್ಬಮ್’ ಎಂದು ಬಿಟ್ಟರೆ ಸಾಲದೆ ಎಂದು ನೀವು ಕೇಳಬಹುದು. ಇಬ್ಬರ ತಂಡದ ವಿಷಯದಲ್ಲಿ ಅದು ಸಾಲುವುದಿಲ್ಲ. ಇಬ್ಬರಿದ್ದ ಮೇಲೆ ಅವರು ಮಾಡಿದ್ದೆಲ್ಲವೂ ತಮ್ಮತಮ್ಮೊಳಗಿನ ಸಹಯೋಗವೇ ಆಗಿರುತ್ತದೆ. ‘ಜೋಡಿಯ ಸಹಯೋಗದ ಆಲ್ಬಮ್’ ಎಂದಾಗ ಹೊರಗಿನವರು ಬಂದಿದ್ದಾರೆಂಬ ಸುಳಿವೇ ಇರುವುದಿಲ್ಲ. ಅದೂ ಅಲ್ಲದೆ ನಮ್ಮ ಊರಿನ ಆಮಂತ್ರಣ ಪತ್ರಿಕೆಗಳಲ್ಲಿ ‘ಸಂಯುಕ್ತಾಶ್ರಯ’ ಎಂದರೆ ಸಭೆ ಕರೆದವರು, ‘ಸಹಯೋಗ’ ಎಂದರೆ ಶಾಮಿಯಾನ, ಊಟ, ಸಭಾಂಗಣಗಳಲ್ಲಿ ಯಾವುದೋ ಒಂದರ ಖರ್ಚು ಹೊತ್ತವರು ಎಂಬ ಅಲಿಖಿತ ನಿಘಂಟೊಂದು ಚಾಲ್ತಿಯಲ್ಲಿದೆ. ‘ಸಹಕಾರಿ ಆಲ್ಬಮ್’ ಎಂದರೆ ಪತ್ತಿನ ಸಂಘದ ನೆನಪಾಗುತ್ತದೆ.

ಈ ಸಂಕಟದಲ್ಲಿ ನನಗೆ ದಾರಿ ತೋರಿಸಿದ್ದು ಮೇಜಿನ ಮೇಲೆ ಬಿದ್ದಿದ್ದ ಹಿಂದುಸ್ತಾನಿ ಗಾಯನ ಕಾರ್ಯಕ್ರಮದ ಆಹ್ವಾನ ಪತ್ರಿಕೆ. ಗಾಯಕರ ಹೆಸರು ದಪ್ಪ ಅಕ್ಷರದಲ್ಲಿ. ಕೆಳಗೆ ಸಣ್ಣದಾಗಿ ‘ತಬಲಾ ಸಾಥ್’, ‘ಹಾರ್ಮೋನಿಯಂ ಸಾಥ್’. ಅದರ ಕೆಳಗೆ ತತ್ವಪದದ ತಂಡವೊಂದು: ಒಬ್ಬರ ಹೆಸರು, ‘ಮತ್ತು ಸಂಗಡಿಗರು’. ಒಟ್ಟಾಗಿ ಮಾಡುವುದರಲ್ಲಿಯೂ ಮೇಲುಕೆಳಗು, ಹೆಸರು ಕಾಣುವುದು ಮತ್ತು ಕಾಣದಿರುವುದು ಇವೆಲ್ಲಕ್ಕೂ ಪದಗಳು ನಮ್ಮಲ್ಲಿ ಆಗಲೇ ಇದ್ದವು. ಇಬ್ಬರೂ ಸಮಾನರಾಗಿ ಎದುರುಬದುರು ಕುಳಿತರೆ ‘ಜುಗಲ್‌ಬಂದಿ’. ಅದರ ‘ಜುಗಲ್’ ಸಂಸ್ಕೃತದ ‘ಯುಗಳ’ವೇ, ಚಲನಚಿತ್ರದ ‘ಯುಗಳಗೀತೆ’ಗೆ ಒಡಹುಟ್ಟಿದ್ದು. ಒಬ್ಬರು ಮುಂದೆ, ಇನ್ನೊಬ್ಬರು ಆಸರೆಯಾಗಿ ಹಿಂದೆ ಎಂದರೆ ‘ಸಾಥ್’.

ಈ ಅಳತೆಗೋಲಿನಿಂದ ನೋಡಿದರೆ ಎಲೆಕ್ಟ್ರಾನಿಕ್ ತಂಡಗಳ ‘ಕೂಡಿ ಮಾಡಿದ’ ಆಲ್ಬಮ್ಮುಗಳೂ ಒಂದೇ ಬಗೆಯವಲ್ಲ. ಜರ್ಮನಿಯ ಕ್ಲಸ್ಟರ್ ಎಂಬ ಇಬ್ಬರ ತಂಡವು ಬ್ರಯನ್ ಈನೋ ಸಂಗಡ 1977ರಲ್ಲಿ ತಂದ ಆಲ್ಬಮ್ಮಿನ ಹೆಸರೇ ‘ಕ್ಲಸ್ಟರ್ ಅಂಡ್ ಈನೋ’. ಹೆಸರು ಮುಖಪುಟದ ಮೇಲೆ ಸಮನಾಗಿ ಬಂದಿದೆ, ಇದನ್ನು ಧಾರಾಳವಾಗಿ ಜುಗಲ್‌ಬಂದಿ ಎನ್ನಬಹುದು. ಫ್ರಾನ್ಸಿನ ಡಾಫ್ಟ್ ಪಂಕ್ ಎಂಬ ಇಬ್ಬರ ತಂಡದ 2013ರ ಆಲ್ಬಮ್ಮಿನಲ್ಲಿ ನೈಲ್ ರಾಜರ್ಸ್ ಗಿಟಾರ್ ನುಡಿಸಿದ್ದಾರೆ, ಜಾರ್ಜಿಯೋ ಮೊರೊಡರ್ ತಮ್ಮ ಬದುಕಿನ ಕಥೆಯನ್ನು ಮಾತಿನಲ್ಲಿ ಹೇಳಿದ್ದಾರೆ. ಆದರೂ ಆಲ್ಬಮ್ ಡಾಫ್ಟ್ ಪಂಕ್‌ನದೇ. ಅಲ್ಲಿ ‘ಸಾಥ್’ ಹೊಂದುತ್ತದೆ. ಮ್ಯಾಟ್ಮೋಸ್ ಎರಡಕ್ಕೂ ಸಿಗುವುದಿಲ್ಲ. ತೊಂಬತ್ತೊಂಬತ್ತು ಜನ ಬೇರೆಬೇರೆ ಕಡೆ ಕುಳಿತು ಕಳಿಸಿದ ತುಣುಕುಗಳನ್ನು ಇಬ್ಬರು ಒಂದಕ್ಕೊಂದು ಹೊಲಿದು ಮೂರು ಗಂಟೆಯ ಬಟ್ಟೆ ಮಾಡಿದ್ದಾರೆ. ನಮ್ಮ ಕಡೆಯ ಹೆಣ್ಣುಮಕ್ಕಳು ಹಳೆಯ ಸೀರೆಗಳಿಂದ ಹೊಲಿಯುವ ಕೌದಿಯ ಹಾಗೆ. ‘ಮ್ಯಾಟ್ಮೋಸ್ ಮತ್ತು ಸಂಗಡಿಗರು’ ಎನ್ನುವ ಆಸೆ ಬಲವಾಗಿತ್ತು. ಆದರೆ ‘ಸಂಗಡಿಗರು’ ಎಂಬ ಪದ ಹೆಸರುಗಳನ್ನು ನುಂಗಿಬಿಡುತ್ತದೆ. ದಮ್ಮಡಿ ಬಾರಿಸಿದವರು, ತಾಳ ಹಿಡಿದವರು ಯಾರೆಂದು ಆಹ್ವಾನ ಪತ್ರಿಕೆ ಎಂದೂ ಹೇಳುವುದಿಲ್ಲ, ಅದು ನನಗೆ ಮೊದಲಿನಿಂದಲೂ ಅಷ್ಟಾಗಿ ಹಿಡಿಸದ ಪದ.

‘ಎಲೆಕ್ಟ್ರಾನಿಕ್’ ಬಗ್ಗೆ ನಾನು ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. ‘ವಿದ್ಯುನ್ಮಾನ ಸಂಗೀತ’ ಎಂದರೆ ಮತಯಂತ್ರದ ಸದ್ದು ಕೇಳಿಸುತ್ತದೆ. ನಮ್ಮ ಓಣಿಯಲ್ಲಿ ಈ ಸಂಗೀತಕ್ಕೆ ಇರುವ ಹೆಸರು ‘ಡಿಜೆ’. ಅದು ಮನುಷ್ಯನ ಹೆಸರಲ್ಲ. ಗಣೇಶ ವಿಸರ್ಜನೆಯ ರಾತ್ರಿ ಟ್ರ್ಯಾಕ್ಟರ್ ಮೇಲೆ ಪೇರಿಸಿದ ಸ್ಪೀಕರ್ ಪೆಟ್ಟಿಗೆಗಳ ಹೆಸರು. ‘ಡಿಜೆ ಬಂತು’ ಎನ್ನುತ್ತಾರೆ, ‘ಡಿಜೆ ಬಂದ’ ಎನ್ನುವುದಿಲ್ಲ. ಅದು ಮನೆಯ ಮುಂದೆ ಹಾಯುವಾಗ ಅಡುಗೆಮನೆಯ ಗೋಡೆಗೆ ತೂಗುಹಾಕಿದ ಸೌಟುಗಳು ತಾವೇ ತಾಳ ಹಾಕುತ್ತವೆ. ಲೇಖನದಲ್ಲಿ ‘ಎಲೆಕ್ಟ್ರಾನಿಕ್ ಸಂಗೀತ’ ಎಂದೇ ಉಳಿಸಿದ್ದೇನೆ.

‘ಆಲ್ಬಮ್’ ಕೂಡ ಹಾಗೆಯೇ ಇರಲಿ ಎಂಬುದು ನನ್ನ ಅಭಿಪ್ರಾಯ. ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷವಷ್ಟೇ ಹಿಡಿಸುತ್ತಿದ್ದ ಹಳೆಯ ತಟ್ಟೆಗಳನ್ನು ಫೋಟೋ ಆಲ್ಬಮ್ಮಿನಂಥ ಹೊತ್ತಿಗೆಯಲ್ಲಿ ಹಾಕಿ ಮಾರುತ್ತಿದ್ದುದರಿಂದ ಆ ಹೆಸರು ಸಂಗೀತಕ್ಕೆ ಅಂಟಿತು; ಹೊತ್ತಿಗೆ ಹೋದರೂ ಹೆಸರು ಉಳಿಯಿತು. ನಾವು ಮಾಡಿಕೊಂಡ ‘ಧ್ವನಿಸುರುಳಿ’ ಕ್ಯಾಸೆಟ್ಟಿನ ಸಂಗಡ ಸುತ್ತಿಕೊಂಡು ಹೋಯಿತು. (ಈ ಪರಿಚ್ಛೇದದ ಮೊದಲ ವಾಕ್ಯದ ‘ಕೂಡ’ವನ್ನು ನಾನೇ ಬೆಂಗಳೂರಿನ ಅರ್ಥದಲ್ಲಿ ಬಳಸಿರುವುದು ಬರೆದ ಮೇಲೆ ಗಮನಕ್ಕೆ ಬಂತು. ತಿದ್ದದೆ ಬಿಟ್ಟಿದ್ದೇನೆ.)

ಕ್ರಿಯಾಪದದ ಒಂದು ಮಾತು ಮಾತ್ರ ಹೇಳಬೇಕು. ಇದೇ ಮ್ಯಾಟ್ಮೋಸ್ 2016ರಲ್ಲಿ ತಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರದ ಸದ್ದುಗಳಿಂದಲೇ ಒಂದು ಇಡೀ ಆಲ್ಬಮ್ ಮಾಡಿದರು. ಯಂತ್ರವನ್ನು ‘ನುಡಿಸಿದರು’ ಎನ್ನಬೇಕೋ ‘ಬಾರಿಸಿದರು’ ಎನ್ನಬೇಕೋ ಎಂದು ನಾನು ಯೋಚಿಸುತ್ತಿದ್ದೆ. ಹುಡುಗ ಬರೆದದ್ದು ‘ವಾಷಿಂಗ್ ಮಷಿನ್ ಹಚ್ಚಿ ಸಂಗೀತ ಮಾಡಿದರು’ ಎಂದು. ನಮ್ಮಲ್ಲಿ ದೀಪ ಹಚ್ಚುತ್ತೇವೆ, ರೇಡಿಯೋ ಹಚ್ಚುತ್ತೇವೆ, ಪಂಪ್‌ಸೆಟ್ಟನ್ನೂ ಹಚ್ಚುತ್ತೇವೆ. ಅಲ್ಲಿ ಕೆಂಪು ಮಸಿ ತಾಗಿಸಲು ನನಗೆ ಮನಸ್ಸು ಬರಲಿಲ್ಲ.

ನನ್ನ ಪ್ರಶ್ನೆಗಳು ಇವು. ಲಿಖಿತ ಕನ್ನಡದಲ್ಲಿ ‘ಮಂದಿಯ ಕೂಡ’ ಎಂದು ಷಷ್ಠಿಯನ್ನು ಸ್ಪಷ್ಟವಾಗಿ ಹಚ್ಚಿದರೆ ಮೈಸೂರು, ಮಂಗಳೂರು ಕಡೆಯ ಓದುಗರಿಗೆ ಅದು ಸಂಗಡದ ಅರ್ಥದಲ್ಲಿಯೇ ತಲುಪುತ್ತದೆಯೇ, ಅಥವಾ ಆಗಲೂ ಅವರು ಒಂದು ಕ್ಷಣ ನಿಲ್ಲುತ್ತಾರೆಯೇ? ಇಬ್ಬರ ಕಲಾತಂಡಕ್ಕೆ ‘ಜೋಡಿ’, ‘ದ್ವಯ’ ಬಿಟ್ಟು ನಿಮ್ಮ ಕಡೆಯ ಭಜನೆ, ಯಕ್ಷಗಾನ, ಜಾನಪದ ಮೇಳಗಳಲ್ಲಿ ಬೇರೆ ಯಾವುದಾದರೂ ಪದ ಬಳಕೆಯಲ್ಲಿದೆಯೇ? ಪ್ರತಿಯೊಬ್ಬರ ಹೆಸರೂ ಉಳಿದುಕೊಂಡು, ಕಟ್ಟುವ ಕೈ ಮಾತ್ರ ಇಬ್ಬರದ್ದಾಗಿರುವ ಕೆಲಸಕ್ಕೆ ‘ಸಾಥ್’, ‘ಸಂಗಡಿಗರು’ ಇವೆರಡರ ನಡುವೆ ನಿಲ್ಲುವ ಪದ ಯಾರಿಗಾದರೂ ಗೊತ್ತಿದೆಯೇ?

ಸದ್ಯಕ್ಕೆ ನಾನು ಬರೆದಿಟ್ಟಿರುವುದು ಹೀಗಿದೆ: “ಮ್ಯಾಟ್ಮೋಸ್ ಎಂಬ ಇಬ್ಬರ ತಂಡವು ತೊಂಬತ್ತೊಂಬತ್ತು ಸಂಗೀತಗಾರರ ಕೂಡ ಸೇರಿ ಕಟ್ಟಿದ ಆಲ್ಬಮ್ 2020ರಲ್ಲಿ ಬಿಡುಗಡೆಯಾಯಿತು.” ಹುಡುಗ ಒಪ್ಪಿದ್ದಾನೆ. ಸಹೋದ್ಯೋಗಿ ‘ಕೂಡ ಸೇರಿ’ ಎಂಬುದರ ಕೆಳಗೆ ಮತ್ತೆ ಗೆರೆ ಎಳೆದಿದ್ದಾರೆ, ಈ ಸಲ ಪೆನ್ಸಿಲಿನಲ್ಲಿ. ಮುದ್ರಣಾಲಯದವರು ಪುಟ ಕೇಳಿರುವುದು ಸೋಮವಾರಕ್ಕೆ.