ಪದಚರ್ಚೆ: ‘ಅನಿಮಲ್ ಮಾಡೆಲ್’, ‘ಕಾಂಬಿನೇಷನ್ ಥೆರಪಿ’ – ಎಚ್‌ಐವಿ ಫಲಕಕ್ಕೆ ತುರ್ತಾಗಿ ಬೇಕು

ಅನುವಾದಕಿ, ಧಾರವಾಡ:

ಬಳಗದ ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದ ಪ್ರದರ್ಶನಕ್ಕೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಅಚ್ಚಿಗೆ ಕೊಡಬೇಕು. ಎಚ್‌ಐವಿಗೆ ಎರಡು ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟು ಕೋತಿ, ಇಲಿಗಳಲ್ಲಿ ಪರೀಕ್ಷಿಸುವ ವಿಚಾರ ಒಂದು ಫಲಕದಲ್ಲಿದೆ. ಮನುಷ್ಯರ ರೋಗವನ್ನು ಅರಿಯಲು ಹೀಗೆ ಬಳಸುವ ಪ್ರಾಣಿಯೇ ‘ಅನಿಮಲ್ ಮಾಡೆಲ್’. ಅದನ್ನು ‘ಪ್ರಾಣಿ ಮಾದರಿ’ ಎಂದರೆ ಮಣ್ಣಿನ ಆನೆ, ಕುದುರೆ ಕಣ್ಣ ಮುಂದೆ ಬರುತ್ತವೆ. ‘ಮಾದರಿ ಪ್ರಾಣಿ’ ಎಂದರೆ ಮಾದರಿ ಶಾಲೆ, ಮಾದರಿ ಗ್ರಾಮಗಳ ಸಾಲಿಗೆ ಸೇರುತ್ತದೆ. ‘ಕಾಂಬಿನೇಷನ್ ಥೆರಪಿ’ಗೆ ಸದ್ಯಕ್ಕೆ ‘ಸಂಯುಕ್ತ ಚಿಕಿತ್ಸೆ’ ಎಂದು ಬರೆದಿದ್ದೇನೆ. ಸಮಾಧಾನವಿಲ್ಲ.

ನಿವೃತ್ತ ಕನ್ನಡ ಉಪನ್ಯಾಸಕ, ಮೈಸೂರು:

‘ಕೂಡುಮದ್ದು’. ಕೂಡುಕುಟುಂಬ, ಕೂಡುರಸ್ತೆ ಇರುವಾಗ ಇದೇಕೆ ಬೇಡ? ಹಳಗನ್ನಡದ ‘ಮರ್ದು’ ನಮ್ಮಲ್ಲಿ ‘ಮದ್ದು’ ಆಯಿತು. ತಮಿಳರು ‘ಮರುಂದು’ ಎಂಬುದನ್ನು ಇಂದಿಗೂ ಅಂಗಡಿಯ ಫಲಕದ ಮೇಲೆ ಬರೆಯುತ್ತಾರೆ. ನಾವು ‘ಔಷಧ’ದ ಬೆನ್ನು ಹತ್ತಿ ಮನೆಮಾತನ್ನು ಹೊರಗಟ್ಟಿದೆವು.

ಪತ್ರಕರ್ತ, ತುಮಕೂರು:

ಒಪ್ಪುವುದಿಲ್ಲ. ನಮ್ಮ ಕಡೆ ‘ಮದ್ದು ಹಾಕಿದ್ದಾರೆ’ ಎಂದರೆ ಊಟದಲ್ಲಿ ಯಾರೋ ಏನೋ ಬೆರೆಸಿದ್ದಾರೆ ಎಂದೇ ಅರ್ಥ. ಅದನ್ನು ತೆಗೆಸಲು ಹೋಗುವವರು ಇಂದಿಗೂ ಇದ್ದಾರೆ. ಎಚ್‌ಐವಿ ಇರುವವರು ದಿನವೂ ತಪ್ಪದೆ ನುಂಗಬೇಕಾದ ಮಾತ್ರೆಗೆ ಆ ಹೆಸರು ಬೇಡ. ಕುಷ್ಠರೋಗಕ್ಕೆ ‘ಬಹುಔಷಧ ಚಿಕಿತ್ಸೆ’ ಎಂಬ ಮಾತು ಆಗಲೇ ಇದೆ. ಅದನ್ನೇ ಬಳಸಿ.

ಸೂಕ್ಷ್ಮಜೀವಿಶಾಸ್ತ್ರ ಅಧ್ಯಾಪಕಿ, ಶಿವಮೊಗ್ಗ:

ಮೇಡಂ, ಮೊದಲು ‘ಸಂಯುಕ್ತ’ವನ್ನು ಹೊಡೆದುಹಾಕಿ. ರಸಾಯನಶಾಸ್ತ್ರದಲ್ಲಿ ಸಂಯುಕ್ತ ಎಂದರೆ ಘಟಕಗಳು ತಮ್ಮ ಗುಣ ಕಳೆದುಕೊಂಡು ಆದ ಹೊಸ ವಸ್ತು. ಇಲ್ಲಿ ಹಾಗಲ್ಲ. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್, ವೈರಸ್ ತನ್ನ ಆರ್‌ಎನ್‌ಎಯಿಂದ ಡಿಎನ್‌ಎ ತಯಾರಿಸುವುದನ್ನು ತಡೆಯುತ್ತವೆ. ಆ ಡಿಎನ್‌ಎ ನಮ್ಮ ಜೀವಕೋಶದ ಡಿಎನ್‌ಎಗೆ ಸೇರಿಕೊಳ್ಳದಂತೆ ಡೊಲುಟೆಗ್ರಾವಿರ್ ನೋಡಿಕೊಳ್ಳುತ್ತದೆ. ಮೂರೂ ಒಂದೇ ಮಾತ್ರೆಯೊಳಗಿದ್ದರೂ ಒಂದೊಂದೂ ತನ್ನ ಗುಣ ಉಳಿಸಿಕೊಂಡೇ ಕೆಲಸ ಮಾಡುತ್ತದೆ. ಒಂದೇ ಔಷಧವಾದರೆ ವೈರಸ್ ರೂಪಾಂತರಗೊಂಡು ಅದನ್ನು ಮೀರುತ್ತದೆ. 1987ರಲ್ಲಿ ಬಳಕೆಗೆ ಬಂದ ಜಿಡೊವುಡಿನ್‌ನ ಗತಿ ಅದೇ ಆಯಿತು. ‘ಬಹುಔಷಧ’ ಸರಿಯಾಗಿದೆ.

‘ಮಾದರಿ’ಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕರಡಿನಲ್ಲಿ ‘ಎಚ್‌ಐವಿ ಸೋಂಕಿತ ಕೋತಿ’ ಎಂದಿದ್ದರೆ ತೆಗೆಯಿರಿ. ರೀಸಸ್ ಕೋತಿಯ ಜೀವಕೋಶಗಳಲ್ಲಿರುವ ಟ್ರಿಮ್5 ಆಲ್ಫಾ ಎಂಬ ಪ್ರೋಟೀನ್ ಎಚ್‌ಐವಿ-1 ಅನ್ನು ಆರಂಭದಲ್ಲೇ ಕಟ್ಟಿಹಾಕುತ್ತದೆ. ಹಾಗಾಗಿ ಎಚ್‌ಐವಿಯ ಹತ್ತಿರದ ಸಂಬಂಧಿಯಾದ, ಕೋತಿ-ವಾನರಗಳಲ್ಲಿ ಕಾಣುವ ಎಸ್‌ಐವಿ ಎಂಬ ವೈರಸ್ಸನ್ನು ಬಳಸುತ್ತಾರೆ. ಅದಕ್ಕೋ ಎಫಾವಿರೆಂಜ್‌ನಂಥ ಎಚ್‌ಐವಿ ಔಷಧ ನಾಟುವುದೇ ಇಲ್ಲ. ಅಂಥ ಔಷಧವನ್ನೂ ಸೇರಿಸಿ ಪರೀಕ್ಷಿಸಬೇಕಾದಾಗ, ಎಸ್‌ಐವಿಯ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ (ಆರ್‌ಎನ್‌ಎಯಿಂದ ಡಿಎನ್‌ಎ ತಯಾರಿಸುವ ಕಿಣ್ವ) ಜೀನ್ ತೆಗೆದು ಆ ಜಾಗದಲ್ಲಿ ಎಚ್‌ಐವಿಯದನ್ನು ಕೂರಿಸಿದ ಕಸಿ ವೈರಸ್ ಬೇಕಾಗುತ್ತದೆ. ಇಲಿಯಲ್ಲಿ ಎಚ್‌ಐವಿಯನ್ನೇ ಬೆಳೆಸಬಹುದು. ಆದರೆ ಅದಕ್ಕೂ ಮೊದಲು ಮನುಷ್ಯರ ರಕ್ತದ ಮೂಲಕೋಶಗಳನ್ನು ಸೇರಿಸಿ, ಅದರ ಮೈಯಲ್ಲಿ ಮನುಷ್ಯರ ರೋಗನಿರೋಧಕ ಕೋಶಗಳು ಹುಟ್ಟುವಂತೆ ಮಾಡಿರಬೇಕು. ಕೋತಿ, ಇಲಿ ಎರಡೂ ಮನುಷ್ಯರ ಬದಲಿಗೆ ನಿಂತಿವೆ. ಕೋತಿಯಲ್ಲಿ ವೈರಸ್ಸೂ ಬದಲಿಯದೇ. ‘ಪ್ರಯೋಗಪ್ರಾಣಿ’ ಎಂದರೆ ಇದು ಕಾಣುವುದಿಲ್ಲ. ‘ರೋಗಮಾದರಿ ಪ್ರಾಣಿ’ ಎನ್ನಿ.

ಎಸ್‌ಐವಿಯನ್ನು ‘ಮಂಗನ ವೈರಸ್’ ಎಂದು ದಯವಿಟ್ಟು ಮಾಡಬೇಡಿ. ನಮ್ಮ ಜಿಲ್ಲೆಯಲ್ಲಿ ಮಂಗನ ಕಾಯಿಲೆ ಎಂದರೆ 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಾದ, ಉಣುಗು ಕಚ್ಚಿ ಬರುವ ಜ್ವರ. ಜನ ಎರಡನ್ನೂ ಒಂದೇ ಎಂದುಕೊಂಡರೆ ತಪ್ಪು ಫಲಕದ್ದು.

ನಿವೃತ್ತ ಉಪನ್ಯಾಸಕ, ಮೈಸೂರು:

ಬಹುಔಷಧ, ರೋಗಮಾದರಿ, ಎಸ್‌ಐವಿ, ಟ್ರಾನ್ಸ್‌ಕ್ರಿಪ್ಟೇಸ್. ಸಂಸ್ಕೃತಕ್ಕೂ ಇಂಗ್ಲಿಷಿಗೂ ಜಾಗ ಸಿಕ್ಕಿತು, ಕನ್ನಡಕ್ಕೆ ಉಳಿದದ್ದು ವಿಭಕ್ತಿ ಪ್ರತ್ಯಯ. ‘ಮದ್ದು’ವಿಗೆ ಅಂಟಿದ ಶಂಕೆ ತುಮಕೂರಿನದು, ಕರಾವಳಿಯ ಮನೆಗಳಲ್ಲಿ ಮದ್ದು ಎಂದರೆ ಔಷಧವೇ. ಬಳಸದೆ ಮೂಲೆಗೆ ತಳ್ಳಿದರೆ ಯಾವ ಪದಕ್ಕೂ ಗೌರವ ಬರುವುದಿಲ್ಲ.

ಪತ್ರಕರ್ತ, ತುಮಕೂರು:

ಸರ್, 2004ರಲ್ಲಿ ಎಚ್‌ಐವಿ ಔಷಧ ಕೊಡುವ ಎ.ಆರ್.ಟಿ. (ಆಂಟಿರೆಟ್ರೋವೈರಲ್ ಥೆರಪಿ) ಕೇಂದ್ರಗಳು ಆರಂಭವಾದವು. ಅಂದಿನಿಂದ ರೋಗಿಗಳ ಬಾಯಲ್ಲಿ ಅದು ‘ಎ.ಆರ್.ಟಿ. ಮಾತ್ರೆ’. ನೆಂಟರ ಮುಂದೆ, ಬಸ್ಸಿನಲ್ಲಿ ರೋಗದ ಹೆಸರೆತ್ತದೆ ಮಾತ್ರೆಯ ಮಾತಾಡಲು ಆ ಮೂರಕ್ಷರ ಎಷ್ಟೋ ಜನರಿಗೆ ಆಸರೆಯಾಗಿದೆ. ಅದನ್ನು ಕಿತ್ತು ‘ಕೂಡುಮದ್ದು’ ಕೊಡುವ ಹಕ್ಕು ನಮಗಿಲ್ಲ.

ಅನುವಾದಕಿ, ಧಾರವಾಡ:

ಶೀರ್ಷಿಕೆ ‘ರೋಗಮಾದರಿ ಪ್ರಾಣಿಗಳಲ್ಲಿ ಬಹುಔಷಧ ಚಿಕಿತ್ಸೆಯ ಪರೀಕ್ಷೆ’ ಎಂದು ಇಡುತ್ತಿದ್ದೇನೆ. ‘ಎಚ್‌ಐವಿ ಸೋಂಕಿತ ಕೋತಿ’ ಎರಡು ಕಡೆ ಇತ್ತು, ತೆಗೆದಿದ್ದೇನೆ. ಇನ್ನೊಂದು ಪದ ಉಳಿದಿದೆ: ‘ರಿಸರ್ವಾಯರ್’, ಅಂದರೆ ಚಿಕಿತ್ಸೆಯ ನಡುವೆಯೂ ವೈರಸ್ ಅಡಗಿ ಉಳಿಯುವ ಕೋಶಗಳು. ಎಸ್‌ಐವಿ ತಗಲಿಸಿದ ಮೂರೇ ದಿನಕ್ಕೆ ಕೋತಿಗಳಿಗೆ ಔಷಧಗಳನ್ನು ಆರಂಭಿಸಿದರೂ, ನಿಲ್ಲಿಸಿದ ಮೇಲೆ ವೈರಸ್ ಮರಳಿತು ಎಂಬ 2014ರ ಸಂಶೋಧನೆಯ ಸಂದರ್ಭ. ‘ಅಡಗುದಾಣ’ ಆಗಬಹುದೇ?

ಅಧ್ಯಾಪಕಿ, ಶಿವಮೊಗ್ಗ:

ಆಗುತ್ತದೆ. ಆ ಕೋಶಗಳಲ್ಲಿ ವೈರಸ್ಸಿನ ಡಿಎನ್‌ಎ ಸದ್ದಿಲ್ಲದೆ ಕುಳಿತಿರುತ್ತದೆ, ಔಷಧಗಳ ಕೈಗೆ ಸಿಗುವುದಿಲ್ಲ. ಯಾರಾದರೂ ‘ಉಗ್ರಾಣ’ ಎಂದರೆ ಒಪ್ಪಬೇಡಿ. ಉಗ್ರಾಣಕ್ಕೆ ಬಾಗಿಲೂ ಇರುತ್ತದೆ, ಲೆಕ್ಕವೂ ಇರುತ್ತದೆ.

ನಿವೃತ್ತ ಉಪನ್ಯಾಸಕ, ಮೈಸೂರು:

‘ಅಡಗುದಾಣ’ಕ್ಕೆ ನನ್ನ ಒಪ್ಪಿಗೆ ಇದೆ. ‘ಬಹುಔಷಧ’ಕ್ಕೆ ಇಲ್ಲ.