ಶ್ವಾಸಕೋಶದ ಸೆಕ್ಷನ್ ಪೂರ್ತಿ ನೀಲಿ, ಹಯಲುರೊನಿಡೇಸ್ ಹಾಕಿದರೂ ಬಣ್ಣ ಇಳಿಯುತ್ತಿಲ್ಲ

ನೀಲಿಸ್ಲೈಡ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಾನು ರೋಗಶಾಸ್ತ್ರದ ಎಂ.ಡಿ. ವಿದ್ಯಾರ್ಥಿನಿ. ವೈರಲ್ ನ್ಯುಮೋನಿಯಾದಿಂದ ತೀರಿಕೊಂಡವರ ಶ್ವಾಸಕೋಶದಲ್ಲಿ ಹಯಲುರೊನಾನ್ ಎಲ್ಲೆಲ್ಲಿ ಸೇರಿಕೊಂಡಿರುತ್ತದೆ ಎಂಬುದು ನನ್ನ ಪ್ರಬಂಧದ ವಿಷಯ. ಮೊಣಕಾಲಿಗೆ ಚುಚ್ಚುವ, ಮುಖದ ಕ್ರೀಮುಗಳಲ್ಲಿ ಬರುವ ಹಯಲುರೊನಿಕ್ ಆಮ್ಲವೇ ಇದು, ಸಕ್ಕರೆ ಅಣುಗಳ ಉದ್ದ ಸರಪಳಿ. ಬ್ಲಾಕ್‌ಗಳೆಲ್ಲ (ಮೇಣದಲ್ಲಿ ಹುದುಗಿಸಿದ ಅಂಗಾಂಶದ ತುಂಡುಗಳು) ಕೋವಿಡ್ ಕಾಲದವು, ಸಾದಾ ಫಾರ್ಮಲಿನ್‌ನಲ್ಲಿ ಇಟ್ಟು ಪ್ಯಾರಾಫಿನ್ ಮಾಡಿದವು. ಹೋಲಿಕೆಗೆ ಅಪಘಾತದಲ್ಲಿ ತೀರಿಕೊಂಡವರ ಬ್ಲಾಕ್‌ಗಳಿವೆ. ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕಿದೆ.

ಮಾಡುತ್ತಿರುವುದು ಇಷ್ಟು: ಬ್ಲಾಕಿನಿಂದ ತೆಳ್ಳಗೆ ಕೊಯ್ದ ಸೆಕ್ಷನ್‌ಗೆ 3% ಅಸಿಟಿಕ್ ಆಮ್ಲದಲ್ಲಿ 1% ಆಲ್ಷಿಯನ್ ಬ್ಲೂ ಎಂಬ ನೀಲಿ ಡೈ, ಅರ್ಧ ಗಂಟೆ, ಮೇಲೆ ಕೋಶಕೇಂದ್ರಕ್ಕೆ ಕೆಂಪು ಕೊಡುವ ನ್ಯೂಕ್ಲಿಯರ್ ಫಾಸ್ಟ್ ರೆಡ್. ಜೊತೆಯ ಸ್ಲೈಡ್ ಅನ್ನು ಮೊದಲು ಗೂಳಿಯ ವೃಷಣದಿಂದ ತೆಗೆದ, ಹಯಲುರೊನಾನ್ ಕತ್ತರಿಸುವ ಕಿಣ್ವವಾದ ಹಯಲುರೊನಿಡೇಸ್‌ನಲ್ಲಿ 37 ಡಿಗ್ರಿಯಲ್ಲಿ ಎರಡು ಗಂಟೆ ಇಡುತ್ತೇನೆ. ಕಿಣ್ವ ತಿಂದುಹಾಕಿದ ಕಡೆ ನೀಲಿ ಹೋದರೆ ಅಲ್ಲಿ ಇದ್ದದ್ದು ಹಯಲುರೊನಾನ್ ಎಂಬ ಲೆಕ್ಕ. ಆದರೆ ಕೋವಿಡ್ ಸೆಕ್ಷನ್ನೂ ನೀಲಿ, ಹೋಲಿಕೆಯ ಸೆಕ್ಷನ್ನೂ ನೀಲಿ. ಕಿಣ್ವ ಹಾಕಿದ ಸ್ಲೈಡ್ ಸಹ ಹೆಚ್ಚುಕಡಿಮೆ ಅಷ್ಟೇ ನೀಲಿ. ಗೈಡ್ ಮೇಡಂ ಕಿಣ್ವದ ಮೇಲೆ ಅನುಮಾನಪಡುತ್ತಿದ್ದಾರೆ. ಹೊಸದನ್ನು ತರಿಸುವ ಮೊದಲು ಇಲ್ಲಿ ಕೇಳೋಣವೆಂದುಕೊಂಡೆ.

ಸ್ಲೈಡ್‌ಬಾಕ್ಸ್

ರಾತ್ರಿಯಿಡೀ ಕಿಣ್ವದಲ್ಲಿ ಬಿಡಿ, ಹೋಗುತ್ತದೆ.

ಹಳೇಮೈಕ್ರೋಟೋಮ್, ರಾಯಚೂರು

ಬೇಡಮ್ಮ. ವೃಷಣದ ಕಿಣ್ವ ಅಷ್ಟು ಶುದ್ಧವಾಗಿರುವುದಿಲ್ಲ, ಅದರಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳೂ ಸೇರಿರುತ್ತವೆ. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಸೆಕ್ಷನ್ನೇ ಸವೆದಿರುತ್ತದೆ. ಆಗ ನೀಲಿ ಹೋದದ್ದಕ್ಕೆ ಏನು ಅರ್ಥ?

ಎರಡು ಪ್ರಶ್ನೆ. ಡೈಯನ್ನು ಯಾವ ನೀರಿನಲ್ಲಿ ಕಲಸಿದಿರಿ? ಕಿಣ್ವವನ್ನು ಯಾವ ಬಫರ್‌ನಲ್ಲಿ ಕರಗಿಸಿದಿರಿ?

ನೀಲಿಸ್ಲೈಡ್, ಬಳ್ಳಾರಿ

ಸರ್, ಡಿಸ್ಟಿಲೇಷನ್ ಘಟಕ ಕೆಟ್ಟು ಕೂತಿದೆ. ಕ್ಯಾನಿನಲ್ಲಿ ಬರುವ ನೀರನ್ನು ಬಳಸುತ್ತಿದ್ದೇವೆ. ಅದು ಶುದ್ಧೀಕರಿಸಿದ್ದು ಎಂದು ಹೇಳುತ್ತಾರೆ, ಆದರೆ ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದೆ. ಬಫರ್ ಮಾತ್ರ ಎಲ್ಲರೂ ಬಳಸುವ ಫಾಸ್ಫೇಟ್ ಉಪ್ಪುನೀರು (ಪಿಬಿಎಸ್), ಪಿಎಚ್ 7.4.

ಹಳೇಮೈಕ್ರೋಟೋಮ್, ರಾಯಚೂರು

ಬಿಳಿ ಪದರ ಕೂರುವುದಾದರೆ ಅದು ನಮ್ಮ ಕಡೆಯ ಬೋರ್‌ವೆಲ್ ನೀರೇ. ಗಡಸು ನೀರಿನ ಬೈಕಾರ್ಬನೇಟ್ ಅಸಿಟಿಕ್ ಆಮ್ಲದ ಒಂದು ಪಾಲನ್ನು ಅಸಿಟೇಟ್ ಮಾಡಿಬಿಡುತ್ತದೆ. ಲೀಟರಿಗೆ 10 ಮಿಲಿಮೋಲ್‌ನಷ್ಟು ಬೈಕಾರ್ಬನೇಟ್ ಇದ್ದರೆ ಸಾಕು, 2.5 ಇರಬೇಕಾದ ಪಿಎಚ್ 3 ದಾಟುತ್ತದೆ. ಆಗ ಹಯಲುರೊನಾನ್ ಜೊತೆಗೆ ಸುತ್ತಲಿನ ಪ್ರೋಟೀನ್‌ಗಳೂ ಡೈ ಹಿಡಿಯತೊಡಗಿ ಹಿನ್ನೆಲೆಯೆಲ್ಲ ನೀಲಿಯಾಗುತ್ತದೆ. ಬಾಟಲಿಯ ಮೇಲೆ ಬರೆದ ಪಿಎಚ್ ನಂಬಬೇಡಿ, ಮೀಟರ್ ಹಾಕಿ ನೋಡಿ. ಬಳಸುವ ಮುನ್ನ ಸೋಸಿ. ಹಳೆಯ ಡೈ ಕಣಕಣವಾಗಿ ಸೆಕ್ಷನ್ ಮೇಲೆ ಕೂರುತ್ತದೆ.

ಬಫರ್ ವಿಷಯ. ವೃಷಣದ ಹಯಲುರೊನಿಡೇಸ್ ಪಿಎಚ್ 5.5ರ ಆಸುಪಾಸಿನಲ್ಲಿ ಚೆನ್ನಾಗಿ ದುಡಿಯುತ್ತದೆ, 7.4ರಲ್ಲಿ ಅರೆಮನಸ್ಸಿನಿಂದ. ಕಿಣ್ವ ಸತ್ತಿದೆಯೋ ಬದುಕಿದೆಯೋ ತಿಳಿಯಲು ಸುಲಭದ ದಾರಿಯೆಂದರೆ ಹುಂಜದ ಜುಟ್ಟು. ಅದರಲ್ಲಿ ಹಯಲುರೊನಾನ್ ತುಂಬಿ ತುಳುಕುತ್ತದೆ, ಹಿಂದೆ ಔಷಧಕ್ಕೆಂದು ಜುಟ್ಟಿನಿಂದಲೇ ತೆಗೆಯುತ್ತಿದ್ದರು. ಬ್ರಾಯ್ಲರ್ ಬೇಡ, ಅದರ ಜುಟ್ಟು ಬೆಳೆಯುವ ಮೊದಲೇ ಕತ್ತಿ ಬೀಳುತ್ತದೆ. ಭಾನುವಾರ ಕೋಳಿ ಅಂಗಡಿಗೆ ಹೋಗಿ ಜವಾರಿ ಹುಂಜದ ಜುಟ್ಟು ಕೇಳಿ, ದುಡ್ಡನ್ನೂ ತೆಗೆದುಕೊಳ್ಳುವುದಿಲ್ಲ. ಅದರ ಸೆಕ್ಷನ್‌ನಲ್ಲಿ ನೀಲಿ ಹೋದರೆ ಕಿಣ್ವ ಸರಿಯಿದೆ.

ಜೀವರಸಾಯನ, ಗಂಗಾವತಿ

ಹಳೇಮೈಕ್ರೋಟೋಮ್ ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅಷ್ಟನ್ನೂ ಸರಿಪಡಿಸಿದ ಮೇಲೂ ಮೇಡಂಗೆ ನೀಲಿ ಉಳಿಯುತ್ತದೆ. ಉಳಿಯಲೇಬೇಕು. ಶ್ವಾಸನಾಳದಲ್ಲಿ ಲೋಳೆ ಸುರಿಸುವ ಗಾಬ್ಲೆಟ್ ಕೋಶ ಮತ್ತು ಗ್ರಂಥಿಗಳ ಮ್ಯೂಸಿನ್ (ಲೋಳೆಯ ಪ್ರೋಟೀನ್) ಕೂಡ ಆಲ್ಷಿಯನ್ ಬ್ಲೂ ಹಿಡಿಯುತ್ತದೆ, ಅದನ್ನು ಈ ಕಿಣ್ವ ಮುಟ್ಟುವುದಿಲ್ಲ. ಸಲ್ಫೇಟ್ ಇರುವ ಇನ್ನೊಂದು ಸಕ್ಕರೆ ಸರಪಳಿಯಾದ ಹೆಪರಾನ್ ಸಲ್ಫೇಟನ್ನೂ ಮುಟ್ಟುವುದಿಲ್ಲ. ಬದಲಿಗೆ ಅದೇ ಜಾತಿಯ, ನಿಮಗೆ ಬೇಡದ ಕಾಂಡ್ರಾಯ್ಟಿನ್ ಸಲ್ಫೇಟನ್ನು ತಿನ್ನುತ್ತದೆ! ಹಯಲುರೊನಾನ್ ಒಂದನ್ನೇ ತಿನ್ನುವುದು ಬೇಕಿದ್ದರೆ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದ ಕಿಣ್ವ ತರಿಸಿ. ಅಲ್ಲಿಯವರೆಗೆ ಪಿಎಚ್ 1.0ರಲ್ಲಿ ಇನ್ನೊಂದು ಸ್ಲೈಡ್ ಮಾಡಿ. ಅಷ್ಟು ಹುಳಿಯಲ್ಲಿ ಸಲ್ಫೇಟ್ ಇರುವವು ಮಾತ್ರ ನೀಲಿಯಾಗುತ್ತವೆ, ಹಯಲುರೊನಾನ್ ಆಗುವುದಿಲ್ಲ.

ಜೋಡಿ ಸ್ಲೈಡ್ ಸಾಲದು, ಮೂರು ಬೇಕು: ಏನೂ ಹಾಕದ್ದು, ಬರಿಯ ಬಫರ್ ಹಾಕಿದ್ದು, ಕಿಣ್ವ ಕರಗಿಸಿದ ಬಫರ್ ಹಾಕಿದ್ದು. ಹಯಲುರೊನಾನ್ ನೀರಿನಲ್ಲಿ ಕರಗುತ್ತದೆ. ಎರಡು ಗಂಟೆ ಬಫರ್‌ನಲ್ಲಿ ನೆನೆದರೆ ಕಿಣ್ವವಿಲ್ಲದೆಯೂ ಒಂದಿಷ್ಟು ತೊಳೆದುಹೋಗುತ್ತದೆ. ಇದೇ ಕಾರಣಕ್ಕೆ ನಿಮ್ಮ ಹಳೆಯ ಬ್ಲಾಕ್‌ಗಳ ಬಗ್ಗೆ ನನಗೆ ಹೆಚ್ಚಿನ ಚಿಂತೆ. ನೀರಿನ ಫಾರ್ಮಲಿನ್‌ನಲ್ಲಿ ಇಟ್ಟ ಅಂಗಾಂಶದಿಂದ ಅದು ಆಗಲೇ ಸೋರಿರಬಹುದು. ಆಲ್ಕೋಹಾಲ್, ಫಾರ್ಮಲಿನ್, ಅಸಿಟಿಕ್ ಆಮ್ಲ ಸೇರಿಸಿದ ಮಿಶ್ರಣದಲ್ಲಿ ಚೆನ್ನಾಗಿ ಉಳಿಯುತ್ತದೆ, ಆದರೆ ಹಳೆಯ ಬ್ಲಾಕಿಗೆ ಅದು ಈಗ ಉಪಯೋಗವಿಲ್ಲ. ಆದ್ದರಿಂದ ನೀಲಿ ಇಲ್ಲದ ಕಡೆ ಹಯಲುರೊನಾನ್ ಇರಲಿಲ್ಲ ಎಂದು ಪ್ರಬಂಧದಲ್ಲಿ ಬರೆಯಬೇಡಿ.

ನೀಲಿಸ್ಲೈಡ್, ಬಳ್ಳಾರಿ

ಧನ್ಯವಾದ. ಹಾಗಾದರೆ ನೀಲಿ ಎಷ್ಟಿದೆ ಎಂದು ಅಂಕ ಕೊಟ್ಟು, ರೋಗದ ತೀವ್ರತೆಯ ಪಕ್ಕದಲ್ಲಿ ಇಡಬಹುದೇ? ಹೆಚ್ಚು ಹಯಲುರೊನಾನ್, ಹೆಚ್ಚು ಹಾನಿ ಎಂಬ ಊಹೆಯಿಂದ ಹೊರಟಿದ್ದೇನೆ.

ಜೀವರಸಾಯನ, ಗಂಗಾವತಿ

ಆ ಊಹೆ ಅರ್ಧ ಮಾತ್ರ ನಿಲ್ಲುತ್ತದೆ. ಆರೋಗ್ಯವಂತ ಶ್ವಾಸಕೋಶದಲ್ಲಿಯೂ ರಕ್ತನಾಳ ಮತ್ತು ಶ್ವಾಸನಾಳಗಳ ಸುತ್ತ ಹಯಲುರೊನಾನ್ ಇರುತ್ತದೆ. ತೊಂದರೆ ಶುರುವಾಗುವುದು ಅದು ಗಾಳಿಚೀಲದೊಳಗೆ ಸುರಿದಾಗ. ನೆನೆಸಿದ ಕಾಮಕಸ್ತೂರಿ ಬೀಜದಂತೆ ನೀರು ಹಿಡಿದು ಉಬ್ಬುತ್ತದೆ, ಗಾಳಿಗೆ ಜಾಗವಿರುವುದಿಲ್ಲ. ಸ್ವೀಡನ್ನಿನ ಉಮಿಯೊದ ತಂಡ 2020ರಲ್ಲಿ ತೀವ್ರ ಕೋವಿಡ್‌ನಿಂದ ತೀರಿಕೊಂಡವರ ಗಾಳಿಚೀಲಗಳಲ್ಲಿ ಇದನ್ನೇ ತೋರಿಸಿತು. ಆದ್ದರಿಂದ ಅಂಕ ಕೊಡುವುದಾದರೆ ಜಾಗವಾರು ಕೊಡಿ. ನಾಳದ ಸುತ್ತ ಬೇರೆ, ಗಾಳಿಚೀಲದ ಗೋಡೆಗೆ ಬೇರೆ, ಒಳಗಿನ ಸ್ರಾವಕ್ಕೆ ಬೇರೆ.

ಇನ್ನೊಂದು ತೊಡಕಿದೆ, ಅದನ್ನು ಯಾವ ಬಣ್ಣವೂ ತೋರಿಸುವುದಿಲ್ಲ: ಸರಪಳಿಯ ಉದ್ದ. ಲಕ್ಷಗಟ್ಟಲೆ ಡಾಲ್ಟನ್ ತೂಕದ ಉದ್ದ ಸರಪಳಿ ಸಾಮಾನ್ಯವಾಗಿ ಉರಿಯೂತವನ್ನು ತಣಿಸುತ್ತದೆ. ಸೋಂಕಿನಲ್ಲಿ ಅದು ತುಂಡಾದಾಗ ಚಿಕ್ಕ ಚೂರುಗಳು ಸಿಡಿ44, ಟಿಎಲ್‌ಆರ್4 ಮುಂತಾದ ಗ್ರಾಹಕಗಳ ಮೂಲಕ ಉರಿಯೂತವನ್ನು ಕೆರಳಿಸುತ್ತವೆ. ಒಂದೇ ನೀಲಿ, ಕೆಲಸ ಮಾತ್ರ ತದ್ವಿರುದ್ಧ.

ಸಂಯೋಜಕ ಅಂಗಾಂಶದ ಉಳಿದ ಅಣುಗಳದ್ದೂ ಇದೇ ಕಥೆ. ಹಯಲುರೊನಾನ್‌ಗೆ ಅಂಟಿಕೊಳ್ಳುವ, ಸಕ್ಕರೆ ಸರಪಳಿಗಳಿರುವ ಪ್ರೋಟೀನ್ ಆದ ವರ್ಸಿಕ್ಯಾನ್ ನೋಡಿ. ಅದನ್ನು ಕತ್ತರಿಸುವ ಅಡಾಮ್‌ಟಿಎಸ್5 ಎಂಬ ಕಿಣ್ವ ಇಲ್ಲದ ಇಲಿಗಳಿಗೆ ಇನ್‌ಫ್ಲುಯೆಂಜಾ ಹಚ್ಚಿದಾಗ, ವರ್ಸಿಕ್ಯಾನ್ ಗುಡ್ಡೆಬಿದ್ದು ಟಿ-ಕೋಶಗಳು ಶ್ವಾಸಕೋಶಕ್ಕೆ ಸರಿಯಾಗಿ ತಲುಪಲಿಲ್ಲ ಎಂದು 2016ರಲ್ಲಿ ವರದಿಯಾಯಿತು. ಇದನ್ನು ಓದಿದರೆ ವರ್ಸಿಕ್ಯಾನ್ ಕತ್ತರಿಸಿದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಆದರೆ 2020ರಲ್ಲಿ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯ ತಂಡ ಫೈಬ್ರೊಬ್ಲಾಸ್ಟ್‌ಗಳು (ಸಂಯೋಜಕ ಅಂಗಾಂಶದ ಕೋಶಗಳು) ಸುರಿಸುವ ಅಡಾಮ್‌ಟಿಎಸ್4 ಕಿಣ್ವ ಅದೇ ವರ್ಸಿಕ್ಯಾನ್ ಅನ್ನು ಅತಿಯಾಗಿ ಕತ್ತರಿಸಿ, ಟಿ-ಕೋಶಗಳನ್ನು ಹಿಂಡುಹಿಂಡಾಗಿ ಒಳಬಿಟ್ಟು, ಶ್ವಾಸಕೋಶವನ್ನೇ ಕೆಡಿಸುತ್ತದೆ ಎಂದು ತೋರಿಸಿತು. ತೀವ್ರ ಇನ್‌ಫ್ಲುಯೆಂಜಾ ರೋಗಿಗಳಲ್ಲೂ ಆ ಕಿಣ್ವದ ಚಟುವಟಿಕೆ ಹೆಚ್ಚಿತ್ತು. ಹೆಪರಾನ್ ಸಲ್ಫೇಟ್ ಇನ್ನೂ ಬೇರೆ, ಅದು ವೈರಸ್ಸಿಗೆ ಮೊದಲ ಮೆಟ್ಟಿಲು. ಕೋವಿಡ್ ವೈರಸ್ ಎಸಿಇ2 ಎಂಬ ಗ್ರಾಹಕದ ಜೊತೆಗೆ ಅದನ್ನೂ ಹಿಡಿದೇ ಕೋಶಕ್ಕೆ ಅಂಟುತ್ತದೆ.

ಇಷ್ಟೆಲ್ಲ ಹೇಳಿದ್ದು ಹೆದರಿಸಲು ಅಲ್ಲ. ಹಯಲುರೊನಾನ್ ಎಲ್ಲಿದೆ ಎಂಬುದನ್ನು ನಿಮ್ಮ ಸ್ಲೈಡ್ ಪ್ರಾಮಾಣಿಕವಾಗಿ ಹೇಳಬಲ್ಲದು. ಎಷ್ಟು ಮತ್ತು ಯಾಕೆ ಎಂಬುದನ್ನು ಅದರ ಬಾಯಿಂದ ಹೊರಡಿಸಲು ಹೋಗಬೇಡಿ, ವೈವಾದಲ್ಲಿ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ.

ನೀಲಿಸ್ಲೈಡ್, ಬಳ್ಳಾರಿ

ಫಲಿತಾಂಶ ತಿಳಿಸುತ್ತೇನೆ. ಹಳೆಯ ಡೈಯ ಪಿಎಚ್ 3.1 ಇತ್ತು. ಬೇರೆ ವಿಭಾಗದಿಂದ ಡಿಸ್ಟಿಲ್ಡ್ ವಾಟರ್ ಕಡ ತಂದು ಹೊಸದಾಗಿ ಕಲಸಿ, 2.5ಕ್ಕೆ ತಂದ ಮೇಲೆ ಹಿನ್ನೆಲೆ ತಿಳಿಯಾಯಿತು. ಪಿಎಚ್ 5.5ರ ಬಫರ್‌ನಲ್ಲಿ ಕಿಣ್ವ ಹಾಕಿದಾಗ ಹುಂಜದ ಜುಟ್ಟಿನ ನೀಲಿ ಪೂರ್ತಿ ಹೋಯಿತು. ಕೋವಿಡ್ ಸೆಕ್ಷನ್‌ಗಳಲ್ಲಿ ಗಾಳಿಚೀಲದೊಳಗಿನ ನೀಲಿ ಬಹಳಷ್ಟು ಇಳಿಯಿತು, ಶ್ವಾಸನಾಳದ್ದು ಉಳಿಯಿತು. ಬರಿಯ ಬಫರ್‌ನ ಸ್ಲೈಡ್‌ನಲ್ಲಿ ಸ್ವಲ್ಪ ಮಾತ್ರ ಮಸುಕಾಗಿದೆ. ಗಾಳಿಚೀಲದ ಗೋಡೆಗೆ ಅಂಟಿದ ಗುಲಾಬಿ ಬಣ್ಣದ ಹಯಲೈನ್ ಪೊರೆಗಳು ಮಾತ್ರ ಯಾವ ಸ್ಲೈಡ್‌ನಲ್ಲಿಯೂ ನೀಲಿಯಾಗಿಲ್ಲ. ಇದು ಸರಿಯೇ?

ಹಳೇಮೈಕ್ರೋಟೋಮ್, ರಾಯಚೂರು

ಸರಿಯೇ. ಆ ಪೊರೆಯಲ್ಲಿ ಹೆಚ್ಚಾಗಿ ಇರುವುದು ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಮತ್ತು ಸತ್ತ ಕೋಶಗಳ ಚೂರು. ಅದು ನೀಲಿಯಾಗಿದ್ದರೆ ಮತ್ತೆ ಪಿಎಚ್ ಅಳೆಯಿರಿ ಎನ್ನುತ್ತಿದ್ದೆ.

ಜೀವರಸಾಯನ, ಗಂಗಾವತಿ

ಬಜೆಟ್ ಇದ್ದರೆ ಕೆಲವು ಸ್ಲೈಡ್‌ಗಳಿಗಾದರೂ ಬಯೋಟಿನ್ ಎಂಬ ಜೀವಸತ್ವವನ್ನು ಗುರುತಿಗೆಂದು ಹಚ್ಚಿದ ಹಯಲುರೊನಾನ್ ಬಂಧಕ ಪ್ರೋಟೀನ್ ಬಳಸಿ. ಹಯಲುರೊನಾನ್ ಬೆನ್ನೆಲುಬಿರುವ ಎಲ್ಲ ಪ್ರಾಣಿಗಳಲ್ಲಿಯೂ ಒಂದೇ ರೀತಿ ಇರುವುದರಿಂದ ಅದಕ್ಕೆ ಒಳ್ಳೆಯ ಪ್ರತಿಕಾಯ ಸಿಗುವುದಿಲ್ಲ, ಅದಕ್ಕೇ ಈ ಸುತ್ತುದಾರಿ. ಶ್ವಾಸಕೋಶದಲ್ಲಿ ಸ್ವಂತ ಬಯೋಟಿನ್ ಇರುತ್ತದೆ, ಮೊದಲು ಅದನ್ನು ತಡೆಯುವ ಹಂತ ಮರೆಯಬೇಡಿ. ಸ್ಟ್ರೆಪ್ಟೊಮೈಸಿಸ್ ಕಿಣ್ವವನ್ನು ಬೆಂಗಳೂರಿನಿಂದ ತರಿಸುವುದಾದರೆ ಐಸ್ ಪ್ಯಾಕ್ ಹಾಕಿಸಿ, ರಾತ್ರಿ ಬಸ್ಸಿಗೇ ಕಳುಹಿಸಲು ಹೇಳಿ. ಬಳ್ಳಾರಿಯ ಮೇ ಬಿಸಿಲಿನಲ್ಲಿ ಹಗಲು ಪಾರ್ಸೆಲ್ ಕೌಂಟರ್ ಮೇಲೆ ಕೂತರೆ ಕಿಣ್ವ ಉಳಿಯುವುದಿಲ್ಲ. ಬಂದ ಕೂಡಲೇ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 20ರಲ್ಲಿಡಿ.